ಬಿಸಿ ಟೈರಿನ ಗಾಳಿ

ಭಾವನವರಿಗೆ,

ನಿಮ್ಮ ಪ್ರವಾಸದ ವ್ಯಾನಿನ ಒಡೆದ ಟೈರು ಅಂಗಡಿಗೆ ಬಂತು. ಟೈರಿನದೇನೂ ತಪ್ಪಿಲ್ಲ. ಮಧ್ಯಾಹ್ನ ವ್ಯಾನು ನಿಲ್ಲಿಸಿ, ಗಾಳಿ ಅಳೆಯುವ ಗೇಜು ಹೆಚ್ಚು ತೋರಿಸಿತೆಂದು ಗಾಳಿ ಹೊರಬಿಟ್ಟಿರಂತೆ. ಓಡಿ ಬಿಸಿಯಾದ ಟೈರು ಹೆಚ್ಚೇ ತೋರಿಸುತ್ತದೆ. ಬೆಳಿಗ್ಗೆ ಹೊರಡುವ ಮೊದಲೇ ನೋಡಿ, ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿರುವಷ್ಟೇ ಗಾಳಿ ಇಡಿ ಎಂದು ಎಷ್ಟು ಸಲ ಬಡಕೊಂಡೆ! ಮಂಚ, ಒಲೆ, ನೀರಿನ ಟ್ಯಾಂಕು ಹೊತ್ತ ವ್ಯಾನು ಕಮ್ಮಿ ಗಾಳಿಯಲ್ಲಿ ಎಷ್ಟು ದೂರ ಓಡೀತು?

"ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ನಂಗೇ ಹೇಳಿಕೊಡ್ತೀಯೇನೋ?" ಅಂದಿದ್ದಿರಿ ಆಗ. ಅಕ್ಕ ಮಾತ್ರ ಚೀಟಿ ನೋಡಿ ಅಂಕಿ ಬರೆದುಕೊಂಡಿದ್ದಳು.

ಹೊಸ ಟೈರು ಕಳಿಸುತ್ತಿದ್ದೇನೆ. ಟೈರು ಒಡೆದಾಗ ಮುರಿದ ಅಕ್ಕನ ಬಲಗೈಯ ಪ್ಲಾಸ್ಟರ್ ಬಿಚ್ಚುವವರೆಗೆ ವ್ಯಾನು ಕದಲಿಸಬೇಡಿ. ಬಿಚ್ಚಿದ ಮೇಲೆ ಗೇಜನ್ನು ಆ ಕೈಗೇ ಕೊಡಿ.

ಇಂತಿ,
ಟೈರು ಅಂಗಡಿಯ ಭಾವಮೈದುನ