ಅವ್ವನ ಮೆಷಿನ್ನಿಗೆ ಹನ್ನೆರಡು ವೋಲ್ಟ್

ಅಪ್ಪಾ,

ಅಕ್ಷರ ಸೊಟ್ಟಗಾದರೆ ಬೈಯಬೇಡ. ಸ್ಕೂಲಿನಲ್ಲಿ ತಮಿಳು ಕಲಿತವಳಿಗೆ ಕನ್ನಡ ತಿದ್ದಿಸಿದವನು ನೀನೇ ತಾನೆ?

ಏಳು ವರ್ಷದವಳಿದ್ದಾಗ ನಂಗವಳ್ಳಿಯ ನಮ್ಮ ಮನೆಯಲ್ಲಿ ನೀನು ರಿಪೇರಿಗೆಂದು ಬಿಚ್ಚಿಟ್ಟ ರೇಡಿಯೋದೊಳಗೆ ಬೆರಳಿಟ್ಟು ಶಾಕ್ ಹೊಡೆಸಿಕೊಂಡಿದ್ದೆ, ನೆನಪಿದೆಯಾ? "ಇನ್ನೊಂದ್ ಸಲ ಕರೆಂಟ್ ತಾವ ಬಂದ್ರೆ ಕಾಲ್ ಮುರೀತೀನಿ" ಅಂದಿದ್ದೆ ನೀನು. ಅಂದಿನಿಂದ ಸ್ವಿಚ್ ಒತ್ತುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅಂಥವಳ ಕೈಗೆ ಅವ್ವನನ್ನು ಬಿಟ್ಟು ಹೋದೆಯಲ್ಲ!

ನೀನು ಹೋದ ಮೇಲೆ ಅವ್ವನ ಉಬ್ಬಸ ಮಿತಿಮೀರಿತು. ಧರ್ಮಪುರಿಯಲ್ಲಿ ಮುಚ್ಚಿದ ಒಂದು ಕ್ಲಿನಿಕ್ಕಿನವರು ಔಷಧವನ್ನು ಆವಿ ಮಾಡಿ ಕೊಡುವ ಹಳೇ ಮೆಷಿನ್ ಮಾರುತ್ತಾರೆಂದು ತಿಳಿದು ತಂದೆ. ಅಡಾಪ್ಟರ್ ಮಾತ್ರ ಕಳೆದುಹೋಗಿತ್ತು. ಹೊಸದಕ್ಕೆ ಸೇಲಂನ ಅಂಗಡಿಯವನು ಹೇಳಿದ ರೇಟು ಕೇಳಿ ಮೆಟ್ಟಿಲಿಳಿದೆ. ಕೊನೆಗೆ ಧರ್ಮಪುರಿ ಬಸ್‌ಸ್ಟ್ಯಾಂಡಿನ ಹತ್ತಿರ, ಗೋಣಿ ಹಾಸಿ ಹಳೇ ಅಡಾಪ್ಟರುಗಳನ್ನು ಗುಡ್ಡೆ ಹಾಕಿದ್ದವನ ಬಳಿ ಹನ್ನೆರಡು ವೋಲ್ಟಿನದು ಒಂದು ಸಿಕ್ಕಿತು. ಪಿನ್ ಕೂಡ ಸರಿಯಾಗಿ ಕೂರುತ್ತಿತ್ತು. "ಎಲ್ಲಾಂ ಒಣ್ಣುದಾನ್‌ಮಾ, ತೈರ್ಯಮಾ ಪೋಡು" ಎಂದ. ಎಲ್ಲಾ ಒಂದೇ, ಧೈರ್ಯವಾಗಿ ಹಾಕಬೇಕಂತೆ! ಮೆಷಿನ್ ಮೇಲೆ ಪಿನ್ನಿನ ನಡುವೆ ಪ್ಲಸ್ ಬರಬೇಕೆಂಬ ಗುರುತಿತ್ತು. ಅಡಾಪ್ಟರಿನ ಗುರುತು ಸವೆದುಹೋಗಿತ್ತು. ಉಲ್ಟಾ ಆದರೆ ಮೆಷಿನ್ ಸುಟ್ಟೇ ಹೋಗುತ್ತದೆ, ಇನ್ನೊಂದನ್ನು ಎಲ್ಲಿಂದ ತರಲಿ?

ಮೊನ್ನೆ ಮಧ್ಯಾಹ್ನ ಅವ್ವ ಗೋಡೆ ಹಿಡಿದು ಕೂತುಬಿಟ್ಟಳು. ಎದೆಯಲ್ಲಿ ಸುಂಯ್ ಸುಂಯ್ ಸದ್ದು. ತುಟಿ ಕಪ್ಪಿಟ್ಟಿತ್ತು. "ಉಸ್ರು ಒಳಕ್ಕೆ ಓಗ್ತಿಲ್ಲ ಕಣೇ" ಅಂದಳು. ಆಸ್ಪತ್ರೆಗೆ ವ್ಯಾನ್ ಕರೆಯಲು ಪಕ್ಕದ ಮನೆಯವರನ್ನು ಓಡಿಸಿದೆ. ಅದು ಬರುವವರೆಗೆ? ಪ್ಲಸ್ ಮೈನಸ್ ತೋರಿಸುವ ನಿನ್ನ ಮೀಟರ್ ಕೆಟ್ಟು ಕೂತು ವರ್ಷವಾಗಿತ್ತು. ಅಯ್ಯೋ ಅಪ್ಪಾ, ಎಷ್ಟು ಹೆದರಿದ್ದೆ ಅಂದರೆ...

ಆಗ ನೀನು ಮೀಟರ್ ಕೊಳ್ಳುವುದಕ್ಕೂ ಮುಂಚೆ ಮಾಡುತ್ತಿದ್ದುದು ನೆನಪಾಯಿತು. ಹಸಿ ಮರಗೆಣಸಿನ ತುಂಡಿಗೆ ಎರಡು ತಾಮ್ರದ ತಂತಿ ಚುಚ್ಚುತ್ತಿದ್ದೆಯಲ್ಲ? ಒಂದರ ಸುತ್ತ ಹಸಿರು ಬಣ್ಣ, ಇನ್ನೊಂದರ ಸುತ್ತ ನೊರೆ. ಗೆಣಸೇನೋ ಮನೆಯಲ್ಲಿತ್ತು. ಆದರೆ ಪ್ಲಸ್ ಯಾವುದು, ಹಸಿರೋ ನೊರೆಯೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಹಾಳಾದ ನಿನ್ನ ಕೆಲಸವನ್ನು ಒಂದು ಸಲವಾದರೂ ಕೂರಿಸಿಕೊಂಡು ಹೇಳಿಕೊಡಬಾರದಿತ್ತಾ?

ಟಾರ್ಚಿನ ಸೆಲ್ಲಿನ ಮೇಲೆ ಪ್ಲಸ್ ಅಂತ ಬರೆದಿರುತ್ತದಲ್ಲ, ಅಪ್ಪಾ! ಮೂರು ಸೆಲ್ಲು ಸಾಲಾಗಿ ಜೋಡಿಸಿ ಅದರ ತಂತಿಗಳನ್ನು ಗೆಣಸಿಗೆ ಚುಚ್ಚಿದೆ. ಪ್ಲಸ್ ಕಡೆ ನಿಧಾನವಾಗಿ ಹಸಿರಾಯಿತು. ಆಮೇಲೆ ಅಡಾಪ್ಟರಿನ ಪಿನ್ನಿನ ಒಳಕ್ಕೊಂದು, ಹೊರಕ್ಕೊಂದು ತಂತಿ ತಾಗಿಸಿ ಇನ್ನೊಂದು ತುಂಡಿಗೆ ಚುಚ್ಚಿದೆ. ಹಸಿರಾದದ್ದು ಪಿನ್ನಿನ ಹೊರಗಡೆಯದು. ಪೂರಾ ಉಲ್ಟಾ. ಹಾಗೇ ಸಿಕ್ಕಿಸಿದ್ದರೆ ಏನು ಗತಿ? ಪ್ಲಗ್ ಕಿತ್ತು, ವೈರ್ ಕತ್ತರಿಸಿ, ಅದಲು ಬದಲು ಮಾಡಿ ಹೆಣೆದು ಟೇಪು ಸುತ್ತಿದೆ. ಸ್ವಿಚ್ ಒತ್ತುವಾಗ ಕಣ್ಣು ಮುಚ್ಚಲಿಲ್ಲ, ಅವ್ವನನ್ನೇ ನೋಡುತ್ತಿದ್ದೆ. ಗುರ್ ಅಂತ ಸದ್ದಾಗಿ ಬಿಳಿ ಆವಿ ಬಂತು. ವ್ಯಾನ್ ಬರುವಷ್ಟರಲ್ಲಿ ಅವ್ವ ಒಂದು ವಾಕ್ಯ ಪೂರ್ತಿ ಹೇಳುವಷ್ಟಾಗಿದ್ದಳು. "ಯಾಕೆ ಅಳ್ತೀಯೆ, ನಾನೇನ್ ಸತ್ನಾ?"

ಆಸ್ಪತ್ರೆಯ ಡಾಕ್ಟರಮ್ಮ ಮನೆಯಲ್ಲಿ ಯಾವ ಹೊಗೆ ಇತ್ತೆಂದು ಕೆದಕಿ ಕೆದಕಿ ಕೇಳಿದರು. ನಮ್ಮ ಒಂದೇ ಕೋಣೆಯಲ್ಲಿ ನೀನು ಬೆಸುಗೆ ಹಾಕುವಾಗ ಅವ್ವ ಪಕ್ಕದಲ್ಲೇ ಕೂತು ವೈರ್ ಹಿಡಿದುಕೊಳ್ಳುತ್ತಿದ್ದಳಲ್ಲ, ಇಪ್ಪತ್ತು ವರ್ಷ? ಆ ರಾಳದ ಹೊಗೆಯೇ ಎದೆಗೆ ಇಳಿದಿರಬೇಕು ಅಂದರು.

ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದು, "ನಿಮ್ಮಪ್ಪನ ಕಿವಿಗೆ ಇದು ಬೀಳ್ಬಾರ್ದು ಕಣೇ, ನೊಂದ್ಕೋತಾರೆ" ಅಂದಳು.

"ಅಪ್ಪ ತೀರ್ಕೊಂಡು ಎರಡು ವರ್ಷ ಆಯ್ತಲ್ಲವ್ವಾ."

"ಆದ್ರೂ ಬ್ಯಾಡ."

ಹೇಳದೆ ಇರಲು ನನ್ನಿಂದ ಆಗಲಿಲ್ಲ. ನಾನು ಬರೆದೆ ಅಂತ ಅವಳಿಗೆ ತಿಳಿಯುವುದು ಬೇಡ, ಅಪ್ಪಾ.