ಮೊದಲ ಹೆಸರಿನ ಕೆಳಗೆ

ಮಾರ್ಚ್ 4, 1974, ಸೋಮವಾರ

ಮತ್ತೆ ಅದೇ ದಪ್ಪ ಪುಸ್ತಕಗಳು, ಅದೇ ಭೂತಗನ್ನಡಿ. ಸೈಟೇಷನ್ ಇಂಡೆಕ್ಸ್. ಒಬ್ಬರ ಸಂಶೋಧನೆಯನ್ನು ಬೇರೆ ಎಷ್ಟು ಜನ ತಮ್ಮ ಲೇಖನಗಳಲ್ಲಿ ಹೆಸರಿಸಿದ್ದಾರೆ ಎಂದು ಎಣಿಸಬೇಕು. ಅಕ್ಷರವೋ, ಸಾಸಿವೆಗಿಂತ ಸಣ್ಣ. ಲೈಬ್ರರಿ ಕೆಲಸಕ್ಕೆ ಸೇರಿದ್ದು ಕಣ್ಣು ಕಳೆದುಕೊಳ್ಳಲಿಕ್ಕೇ ಇರಬೇಕು.

ಪ್ರೊಫೆಸರ್ ಹುದ್ದೆ ಒಂದು, ಕಾದಿರುವವರು ಇಬ್ಬರು. ಬಯೋಕೆಮಿಸ್ಟ್ರಿಯ ಡಾ. ಚನ್ನಕೇಶವ — 186. ರಾಗಿ ರೋಗಗಳ ಪಂಚಾಕ್ಷರಿ ಮೇಷ್ಟ್ರು — 9. ಮೂರು ಸಲ ಎಣಿಸಿದೆ. ಒಂಬತ್ತೇ. ನನಗೆ ಪಾಠ ಹೇಳಿದ ಗುರುಗಳು... ಹುದ್ದೆ ಸಿಗದಿದ್ದರೆ ಜೂನ್‌ನಲ್ಲಿ ರಿಟೈರ್, ರಾಗಿ ವಿಭಾಗಕ್ಕೂ ಬೀಗ. ಆದರೂ ಲೆಕ್ಕ ಲೆಕ್ಕವೇ. ಟೈಪ್ ಮಾಡಿ ಡೈರೆಕ್ಟರಿಗೆ ಕಳಿಸಿದೆ.

ಮಾರ್ಚ್ 5

ರಾಜಾಜಿನಗರದಿಂದ ಬಸ್ಸಿನಲ್ಲಿ ನಿಂತೇ ಹೋದೆ. ದಾರಿಯುದ್ದಕ್ಕೂ ಆ ಒಂಬತ್ತು. ಬಯೋಕೆಮಿಸ್ಟ್ರಿಗೆ ಲೋಕದಲ್ಲಿ ಸಾವಿರಾರು ಜನ, ಒಬ್ಬರನ್ನೊಬ್ಬರು ಹೆಸರಿಸುತ್ತಾರೆ. ರಾಗಿಗೆ ಯಾರಿದ್ದಾರೆ? ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಟೈಪ್ ಮಾಡಿದ ಮಹಾತಾಯಿ ನಾನು.

ಊಟದ ಬಿಡುವಿನಲ್ಲಿ ರಾಗಿ, ಸಜ್ಜೆ, ನವಣೆ ರೋಗಗಳ ಮೇಲೆ ಕೆಲಸ ಮಾಡಿದವರನ್ನೆಲ್ಲ ಹುಡುಕಿದೆ. ಒಬ್ಬರೂ ಇಪ್ಪತ್ತು ದಾಟಿಲ್ಲ. ಹಾಗೆ ನೋಡಿದರೂ ಒಂಬತ್ತು ಕಡಿಮೆಯೇ.

ಮಾರ್ಚ್ 7, ಮಧ್ಯಾಹ್ನ 3

ಇಂಡೆಕ್ಸಿನಲ್ಲಿ ಲೇಖನ ಇರುವುದು ಮೊದಲ ಹೆಸರಿನ ಕೆಳಗೆ ಮಾತ್ರ. ಇಬ್ಬರು ಬರೆದಿದ್ದರೆ ಎರಡನೆಯವರು ಇಲ್ಲವೇ ಇಲ್ಲ. ಮೇಷ್ಟ್ರು ಯಾವಾಗಲೂ ಶಿಷ್ಯರ ಹೆಸರನ್ನೇ ಮೊದಲು ಹಾಕಿಸುತ್ತಿದ್ದರು. ಇದು ಹೊಳೆದದ್ದು ಈಗ, ಪೆದ್ದಿಗೆ!

ಹಿರೇಮಠ ಬಿ. ಅಂದರೆ ಮದುವೆಗೆ ಮುಂಚಿನ ನಾನು. ರಾಗಿಯ ಬೆಂಕಿ ರೋಗದ ಮೇಲೆ ಮೇಷ್ಟ್ರೂ ನಾನೂ 1961ರಲ್ಲಿ ಬರೆದ ಲೇಖನ. ರೋಗ ಹರಡಲು ಎಷ್ಟು ಮಳೆ ಬಂತು ಅನ್ನುವುದಲ್ಲ, ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು ಅನ್ನುವುದೇ ಮುಖ್ಯ ಎಂದು ತೋರಿಸಿದ್ದೆವು. ಎಣಿಸಿದೆ — 41. ಜಪಾನಿನ ಭತ್ತದವರೂ ಹೆಸರಿಸಿದ್ದಾರೆ.

ಹನ್ನೆರಡು ವರ್ಷ ನನ್ನ ಹೆಸರು ಲೋಕ ಸುತ್ತುತ್ತಿತ್ತು. ನಾನು ಕೆಟಲಾಗ್ ಕಾರ್ಡ್ ಬರೆಯುತ್ತ ಕೂತಿದ್ದೆ. ಖುಷಿಯಾಯಿತು. ಅಳುವೂ ಬಂತು.

ರಾತ್ರಿ 9. ಸಂಜೆ ಮನೆಗೆ ಬಂದು ಇವರಿಗೆ ಹೇಳಿದೆ. “ಜಪಾನಿನೋರು ಓದಿದಾರಾ? ನಂಗೆ ಹೇಳೇ ಇಲ್ವಲ್ಲೇ!” ಅಂದರು. “ನಂಗೂ ಯಾರೂ ಹೇಳಿರ್ಲಿಲ್ಲ ರೀ” ಅಂದೆ.

ಮಾರ್ಚ್ 8

ಡೈರೆಕ್ಟರ್ ರೂಮಿಗೆ ಹೋದೆ. ಲೆಕ್ಕ ತಪ್ಪಾಗಿದೆ, ತಪ್ಪು ನನ್ನದೇ ಎಂದೆ. ಬೈಯಲಿಲ್ಲ. ಆಯಾ ಕ್ಷೇತ್ರದವರ ಜೊತೆಗೇ ಹೋಲಿಸಿ ನಾನು ಹೊಸದಾಗಿ ಮಾಡಿದ ಪಟ್ಟಿಯನ್ನು ಎರಡು ಸಲ ಓದಿದರು.

“ಇದು ಸರಿಯಾಗಿದೆ. ಆದ್ರೆ ಆ ನಲವತ್ತೊಂದು ಸೇರ್ಸೋದು ಹೇಗಮ್ಮ? ಮೊದಲ ಹೆಸ್ರು ಇನ್ಯಾರದ್ದೋ. ಐಡಿಯಾ ಪಂಚಾಕ್ಷರಿಯವರದ್ದೇ ಅಂತ ಆ ಮೊದಲ ಹೆಸ್ರಿನವರ ಕೈಲಿ ಬರೆಸ್ಕೊಂಡು ಬನ್ನಿ. ಸೋಮವಾರ ಕಮಿಟಿ. ಯಾರು ಈ ಹಿರೇಮಠ? ಎಲ್ಲಿದಾರೆ?”

“ಇಲ್ಲೇ ಇದೀನಿ ಸಾರ್.”

ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಅವರು ಡೈರೆಕ್ಟರಾಗಿ ಬಂದ ಆರು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 9

ಆರ್‌ಪಿಸಿ ಲೇಔಟಿನಲ್ಲಿ ಮೇಷ್ಟ್ರ ಮನೆ. ಎಲ್ಲ ಹೇಳಿದೆ. ಮೇಷ್ಟ್ರು ಸಿಟ್ಟಾದರು.

“ಒದ್ದೆ ಗಂಟೆ ಲೆಕ್ಕ ನಿನ್ನ ತಲೇಲಿ ಹುಟ್ಟಿದ್ದು ಬಸವರಾಜೇಶ್ವರಿ. ನಾನು ನಕ್ಕಿದ್ದೆ, ನೆನಪಿಲ್ವಾ? ನಂದು ಅಂತ ಬರೀಬೇಡ.”

“ವಿಭಾಗ ಮುಚ್ತಾರೆ ಸಾರ್.”

“ಮುಚ್ಚಲಿ. ಸುಳ್ಳಿನ ಮೇಲೆ ಅದು ಎಷ್ಟು ದಿನ ನಡೀಬೇಕು?”

ಹಾಗಂದರು, ಆದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅವರ ಮನೆಯವರು ಶಾಂತವ್ವ ಕಾಫಿ ತಂದಿಟ್ಟರು. ಇಬ್ಬರೂ ಕುಡಿಯಲಿಲ್ಲ.

ಮಾರ್ಚ್ 10, ಭಾನುವಾರ, ಬೆಳಿಗ್ಗೆ 11

ನಾಲ್ಕು ಹಾಳೆ ಹರಿದೆ. ‘ಐಡಿಯಾ ಅವರದು’ — ಇಷ್ಟು ಬರೆದರೆ ಹುದ್ದೆ ಮೇಷ್ಟ್ರಿಗೆ. ಕೇಳುವವರಿಲ್ಲ. ಕಾರ್ಡ್ ಬರೆಯುವವಳಿಗೆ ನಲವತ್ತೊಂದು ಯಾಕೆ? ಅಂದುಕೊಂಡೆ... ಆದರೆ ಬೇಕು. ನನಗೂ ಬೇಕು. ಹೊಟ್ಟೆಕಿಚ್ಚೋ ಏನೋ, ಮೇಷ್ಟ್ರಿಗೂ ಬಿಟ್ಟುಕೊಡಲು ಮನಸ್ಸಿಲ್ಲ.

ಕೊನೆಗೆ ಹೀಗೆ ಬರೆದೆ: ‘ಯೋಚನೆ ನನ್ನದು. ಮೊದಲು ಅದನ್ನು ಕೇಳಿ ನಕ್ಕವರು ಪಂಚಾಕ್ಷರಿಯವರು. ಆಮೇಲೆ ಎರಡು ಮಳೆಗಾಲ ಕೆಂಗೇರಿಯ ಹೊಲದಲ್ಲಿ ನನ್ನ ಜೊತೆ ನೆನೆದು, ಪ್ರತಿ ಗಂಟೆಯನ್ನೂ ಅಳೆದು, ನಾನು ಹೇಳಿದ್ದೇ ಸರಿ ಎಂದು ಒಪ್ಪಿ, ನನ್ನ ಹೆಸರನ್ನು ಮೊದಲು ಬರೆದವರೂ ಅವರೇ. ಅವರಿಲ್ಲದಿದ್ದರೆ ಈ ನಲವತ್ತೊಂದರಲ್ಲಿ ಒಂದೂ ಇರುತ್ತಿರಲಿಲ್ಲ.’

ಕಮಿಟಿಗೆ ಇದು ಸಾಲುತ್ತದೋ ಇಲ್ಲವೋ. ಸಾಲದಿದ್ದರೆ ಮೇಷ್ಟ್ರು ಮನೆಗೆ, ನನ್ನಿಂದಲೇ. ಇದಕ್ಕಿಂತ ಹೆಚ್ಚು ಬರೆಯಲಾರೆ, ಕಡಿಮೆಯೂ ಬರೆಯಲಾರೆ.

ಸಹಿ ಹಾಕಬೇಕು. ಲೇಖನದ ಮೇಲಿರುವ ಹೆಸರಿನಲ್ಲೇ ಹಾಕಬೇಕಲ್ಲ. ಹನ್ನೆರಡು ವರ್ಷವಾಯಿತು ಆ ಸಹಿ ಹಾಕಿ, ಕೈ ಮರೆತಿದೆ. ಮೊದಲು ಇಲ್ಲೊಂದು ಸಲ ಬರೆದು ನೋಡುತ್ತೇನೆ —

ಬಿ. ಹಿರೇಮಠ