ಹೊಲಿಗೆ ಹೊರಗಿದ್ದ ಅಂಗಿ

ಬೀಗಿತ್ತಿಯವರಿಗೆ,

ಕ್ಷೇಮ ಕೇಳುವಷ್ಟು ಸಮಾಧಾನ ನನಗಿಲ್ಲ. ಓದು ಅರ್ಧಕ್ಕೇ ಬಿಟ್ಟು ಹೊಲಿಗೆ ಮಿಷನ್ನಿಗೆ ಕೂತವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊಮ್ಮಗಳು ಹುಟ್ಟಿದಾಗ ನೀವೊಂದು ಹಳೇ ಹತ್ತಿ ಅಂಗಿ ತಂದಿರಿ. ಹೊಲಿಗೆಯೆಲ್ಲ ಹೊರಗಡೆ, ಒಳಗೆ ಬೆರಳಾಡಿಸಿದರೆ ನುಣ್ಣಗೆ. “ಇದ್ಯಾವ ಪುಣ್ಯಾತ್ಮ ಹೊಲ್ದಿದ್ದು ಬೀಗಿತ್ತೀ, ಕುಡಿದು ಕೂತಿದ್ನಾ?” ಅಂತ ನಕ್ಕೆ. ನಿಮ್ಮೆದುರೇ ಬ್ಲೇಡು ಹಾಕಿ ಬಿಚ್ಚಿ, ಮಗುಚಿ, ಕಂಕುಳಲ್ಲಿ ಗಟ್ಟಿಯಾಗಿ ಎರಡೆರಡು ಹೊಲಿಗೆ ಹೊಡೆದೆ. ನೀವು ಮಂಚದ ತುದಿಯಲ್ಲಿ ಕೂತು ನೋಡಿದಿರಿ. “ನಿಮ್ಮ ಕೈ ಭಾರಿ ಚುರುಕು” ಅಂದಿರಿ. ಅಷ್ಟೇ.

ಸಂಜೆ ಮಗುವಿನ ಮೈಯಿಂದ ಅಂಗಿ ತೆಗೆದರೆ ಹೊಲಿಗೆ ತಾಗಿದಲ್ಲೆಲ್ಲ ನೀರ್ಗುಳ್ಳೆ. ಕಂಕುಳಿನ ಚರ್ಮ ಬಟ್ಟೆಯ ಜೊತೆಗೇ ಎದ್ದು ಬಂತು. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

“ಸ್ವಲ್ಪ ಉಜ್ಜಿದ್ರೂ ಗುಳ್ಳೆ ಏಳೋ ಈ ಚರ್ಮದ ಕಾಯಿಲೆ ಹುಟ್ಟಿನಿಂದ ಬರೋದು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದಿರುತ್ತೆ. ಮನೇಲಿ ಯಾರಿಗಾದ್ರೂ ಇತ್ತಾ?” ಅಂತ ಡಾಕ್ಟರು ಕೇಳಿದಾಗ ನೀವು ಕನ್ನಡಕ ಒರೆಸುತ್ತಾ ಕೂತಿರಿ. ನಿಮ್ಮ ಮಗಳೇ “ಯಾರಿಗೂ ಇಲ್ಲ” ಅಂದಳು. ಪಾಪ, ಅವಳಿಗೇನು ಗೊತ್ತು.

ನಿನ್ನೆ ಫೋನಿನಲ್ಲಿ ಬೀಗರು ಬಾಯಿಬಿಟ್ಟರು. ನಿಮ್ಮ ಮಗಳು ಹುಟ್ಟುವ ಮೊದಲೇ ತೀರಿಕೊಂಡ ನಿಮ್ಮ ಚೊಚ್ಚಲ ಮಗನಿಗೂ ಹೀಗೇ ಇತ್ತಂತೆ. ಆ ಅಂಗಿ ಅವನದಂತೆ. ಹೊಲಿದದ್ದು ನೀವಂತೆ.

ಕಾಯಿಲೆಗೆ ನಾನು ಬೈಯುತ್ತಿಲ್ಲ, ಅದರಲ್ಲಿ ನಮ್ಮ ಮನೆಯ ಪಾಲೂ ಇದೆ. ಆದರೆ ಗೊತ್ತಿದ್ದೂ ನನ್ನ ಕೈಯಲ್ಲಿ ಬ್ಲೇಡು ನೋಡುತ್ತ ಸುಮ್ಮನಿದ್ದಿರಲ್ಲ! “ಬಿಚ್ಚಬೇಡಿ” ಅನ್ನೋದಕ್ಕೆ ಏನು ಧಾಡಿಯಾಗಿತ್ತು? ನಿಮ್ಮನ್ನು ಒಡಹುಟ್ಟಿದವಳ ಹಾಗೆ ನಂಬಿದ್ದೆ. ನನ್ನ ಮಾತು ಹಾಳಾಗಲಿ, ನಿಮ್ಮ ಮಗಳನ್ನು ಬಂದು ನೋಡಿ. “ಯಾರಿಗೂ ಇಲ್ಲದ್ದು ಇದಕ್ಕೆಲ್ಲಿಂದ ಬರುತ್ತೆ ಅತ್ತೆ, ನನ್ನ ಕೈಯೇ ಒರಟು” ಅನ್ನುತ್ತಾಳೆ. ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಾಳೆ. ಹಾಲು ಕುಡಿಸುವಾಗಲೂ ನಾನೇ ಹಿಡಿದುಕೊಂಡಿರಬೇಕು.

ಅವಳಿಗೆ ನಾನು ಹೇಳುವುದಿಲ್ಲ. ನೀವೇ ಬಂದು, ನಿನಗೊಬ್ಬ ಅಣ್ಣ ಇದ್ದ ಅಂತ ಹೇಳಿ. ಅವನನ್ನು ಹೇಗೆ ಎತ್ತುತ್ತಿದ್ದಿರೋ ಹಾಗೆ ಈ ಮಗುವನ್ನು ಎತ್ತಿ ತೋರಿಸಿ.

ಅಂಗಿಯನ್ನು ಮತ್ತೆ ಬಿಚ್ಚಿ, ತುಂಡುಗಳನ್ನು ಮಿಷನ್ನಿನ ಮೇಲೆ ಇಟ್ಟಿದ್ದೇನೆ. ಸೂಜಿಗೆ ದಾರವನ್ನೂ ಪೋಣಿಸಿದ್ದೇನೆ. ಹೊಲಿಯಬೇಕಾದವರು ನೀವು.

ಮಗುವಿಗೆ ನೋವಿಲ್ಲದ ನಿದ್ದೆ ಬರಲಿ. ಅದರ ತಾಯಿಗೆ ಸತ್ಯ ಹೇಳಿದ ದಿನ ನಿಮಗೂ ಬರಲಿ.

ಇಂತಿ,
ಕೋಪ ಇಳಿಯದಿದ್ದರೂ ಬಾಗಿಲು ತೆರೆದೇ ಇಟ್ಟಿರುವ
ನಿಮ್ಮ ಬೀಗಿತ್ತಿ